ಕೊಡುವುದಕ್ಕೂ ಕೊಳ್ಳುವುದಕ್ಕೂ ಒಂದೇ ಕೊಳಗ



ಹಿಂದೆ ಮಲೆನಾಡಿನ ಮನೆಗಳಲ್ಲಿ ಭತ್ತ ಅಳೆಯಲು ಕೊಳಗವಿರುತ್ತಿತ್ತು. ಕೊಡುವಾಗ ಚಿಕ್ಕ ಕೊಳಗ, ಕೊಳ್ಳುವಾಗ ದೊಡ್ಡ ಕೊಳಗ ಹಿಡಿಯುವವನನ್ನು ಊರು ನಂಬುತ್ತಿರಲಿಲ್ಲ. ಅವನ ಕಣಜ ತುಂಬಿರಬಹುದು. ಆದರೆ ನಾಲ್ಕು ಜನ ಸೇರಿದಲ್ಲಿ ಅವನ ಮಾತಿಗೆ ಬೆಲೆಯಿರುತ್ತಿರಲಿಲ್ಲ. ಭತ್ತದ ವಿಷಯದಲ್ಲಿ ಇಷ್ಟು ಸುಲಭವಾಗಿ ಅರ್ಥವಾಗುವ ಈ ನ್ಯಾಯ, ಮನುಷ್ಯರನ್ನು ಅಳೆಯುವಾಗ ನಮಗೆ ಏಕೆ ಮರೆತುಹೋಗುತ್ತದೆ? ಈ ವಾರ ಈ ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆನಿಸಿದೆ.

ಸೊರಬ ತಾಲ್ಲೂಕಿನ ಉಳವಿ ಹೋಬಳಿಯ ಯಾವುದೋ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಒಂದಿಷ್ಟು ಗದ್ದೆ, ಮನೆಯ ಹಿಂದೆ ಅಡಿಕೆ ತೋಟ. ಹಿರಿಯ ಮಗ ಹೊರದೇಶದಲ್ಲಿದ್ದಾನೆ, ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಕರ್ನಾಟಕದಲ್ಲಿ ಹುಟ್ಟಿದವರೊಬ್ಬರು ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು ಎಂಬ ಸುದ್ದಿ ಬಂದ ದಿನ ಆ ಮನೆಯಲ್ಲಿ ಎಷ್ಟು ಹಿಗ್ಗು! “ನೋಡಿದಿರಾ, ಎಲ್ಲಿಂದಲೋ ಹೋದವರನ್ನು ತಮ್ಮವರೆಂದು ಒಪ್ಪಿಕೊಂಡರು. ದೊಡ್ಡ ಮನಸ್ಸಿನ ಜನ” ಎನ್ನುತ್ತಾರೆ ಅಪ್ಪ. ಹತ್ತು ವರ್ಷಗಳ ಹಿಂದೆ ಬೇರೆ ಸೀಮೆಯಿಂದ ಬಂದು ಪೇಟೆಯಲ್ಲಿ ಅಂಗಡಿ ಇಟ್ಟವನೊಬ್ಬ ಈ ಸಲ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲುತ್ತಾನಂತೆ ಎಂದು ತಿಳಿದರೆ ಅದೇ ಅಪ್ಪ ಏನೆನ್ನುತ್ತಾರೆ? “ಹೊಟ್ಟೆಪಾಡಿಗೆ ಬಂದವನು ಅಂಗಡಿ ನೋಡಿಕೊಂಡಿರಲಿ. ನಮ್ಮೂರಿನ ಉಸಾಬರಿ ಇವನಿಗೇಕೆ?”

ಎರಡು ಮಾತೂ ಒಂದೇ ಬಾಯಿಂದ ಬಂದವು. ಅಲ್ಲಿಗೊಂದು ಕೊಳಗ, ಇಲ್ಲಿಗೊಂದು ಕೊಳಗ. ಆ ಅಪ್ಪನನ್ನು ನೋಡಿ ನಗುವ ಮೊದಲು ನಮ್ಮ ನಮ್ಮ ಮನೆಯ ಜಗಲಿಯ ಮಾತುಗಳನ್ನು ನೆನಪಿಸಿಕೊಳ್ಳೋಣ.

ಚಿಕ್ಕೋಡಿಯಿಂದ ಡೆಟ್ರಾಯಿಟ್‌ಗೆ

ಅಮೆರಿಕದ ಸಂಸತ್ತಿಗೆ ಹೋದ ಆ ವ್ಯಕ್ತಿಯ ಹೆಸರು ಶ್ರೀ ಥಾನೇದಾರ್. ‘ಶ್ರೀ’ ಎಂಬುದು ಇಲ್ಲಿ ಗೌರವಕ್ಕೆ ಸೇರಿಸಿದ ಮಾತಲ್ಲ, ಅವರ ಹೆಸರೇ ಅದು. ಅವರು 1955ರ ಫೆಬ್ರುವರಿ 22ರಂದು ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದರು. ಮನೆಮಾತು ಮರಾಠಿ. ತಂದೆ 55ನೇ ವಯಸ್ಸಿಗೆ ಕೆಲಸದಿಂದ ನಿವೃತ್ತರಾದಾಗ ಶ್ರೀ 14 ವರ್ಷದ ಹುಡುಗ. ಎಂಟು ಜನರ ಸಂಸಾರ. ಹುಡುಗ ಸಿಕ್ಕ ಕೆಲಸ ಮಾಡುತ್ತ ಓದಿದ. ಹದಿನೆಂಟನೇ ವಯಸ್ಸಿಗೆ ಕರ್ನಾಟಕ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದ ಪದವಿ ಪಡೆದ. ಬಳಿಕ ಮುಂಬಯಿಯಲ್ಲಿ ಸ್ನಾತಕೋತ್ತರ ಪದವಿ, ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರದಲ್ಲಿ ಕೆಲಸ. 1979ರಲ್ಲಿ ಹೆಚ್ಚಿನ ಓದಿಗೆಂದು ಅಮೆರಿಕಕ್ಕೆ ಹೋದರು. ಒಹಾಯೋ ರಾಜ್ಯದ ಆಕ್ರನ್ ವಿಶ್ವವಿದ್ಯಾಲಯದಲ್ಲಿ 1982ರಲ್ಲಿ ಪಿಎಚ್‌.ಡಿ. ಮುಗಿಸಿದರು. 1988ರಲ್ಲಿ ಅಮೆರಿಕದ ಪ್ರಜೆಯಾದರು. ನಮ್ಮ ದೇಶದ ಕಾನೂನು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲವಾದ್ದರಿಂದ ಭಾರತದ ಪೌರತ್ವ ಅಂದಿಗೇ ಕೊನೆಗೊಂಡಿತು. ನಾವು ‘ನಮ್ಮವರು’ ಎನ್ನುವಾಗ ಇದನ್ನೂ ನೆನಪಿಡಬೇಕು. ಅವರು ಪ್ರಮಾಣ ಮಾಡಿರುವುದು ಬೇರೊಂದು ನಾಡಿಗೆ.

ಕೆಲವು ವರ್ಷ ಸೇಂಟ್ ಲೂಯಿಸ್ ನಗರದ ಕಂಪನಿಯೊಂದರಲ್ಲಿ ಕೆಲಸ ಮಾಡಿದರು. 1990ರ ದಶಕದ ಆರಂಭದಲ್ಲಿ 75 ಸಾವಿರ ಡಾಲರ್ ಸಾಲ ತೆಗೆದು ಕೆಮಿರ್ ಎಂಬ ಸಣ್ಣ ಪ್ರಯೋಗಶಾಲೆಯನ್ನು ಕೊಂಡರು. ಬೇರೆ ಕಂಪನಿಗಳ ಔಷಧಿ, ಪ್ಲಾಸ್ಟಿಕ್, ಬಣ್ಣ ಮುಂತಾದ ವಸ್ತುಗಳಲ್ಲಿ ಏನೇನಿದೆ ಎಂದು ಪರೀಕ್ಷಿಸಿ ಹೇಳುವ ಕೆಲಸ. ಅದು ಬೆಳೆಯಿತು. 1996ರಲ್ಲಿ ಮೊದಲ ಪತ್ನಿಯನ್ನು ಕಳೆದುಕೊಂಡರು. ಇಬ್ಬರು ಗಂಡುಮಕ್ಕಳನ್ನು ಬೆಳೆಸುತ್ತಲೇ ವ್ಯವಹಾರವನ್ನೂ ಬೆಳೆಸಿದರು. ಮುಂದೆ ಮತ್ತೆ ಮದುವೆಯಾದರು. ತಮ್ಮ ಜೀವನಕಥೆಯನ್ನು ಮರಾಠಿಯಲ್ಲಿ ಬರೆದು ಪ್ರಕಟಿಸಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ, ಕಷ್ಟಪಟ್ಟವರಿಗೆ ಫಲವುಂಟು ಎಂದು ಹೇಳಿ ನಾವೂ ಮುಗಿಸಬಹುದಿತ್ತು. ಆದರೆ ಬದುಕು ಅಷ್ಟು ನೇರವಲ್ಲ. ಫ್ಲಾರಿಡಾದಲ್ಲಿ ಅವರು ಕಟ್ಟಿದ ಅಜೋಫಾರ್ಮಾ ಎಂಬ ಔಷಧಿ ಪರೀಕ್ಷೆಯ ಕಂಪನಿ ದೊಡ್ಡ ಸಾಲದ ಮೇಲೆ ನಿಂತಿತ್ತು. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದು ಆರ್ಥಿಕ ಬಿಕ್ಕಟ್ಟು ಬಂದಾಗ ಕಂಪನಿ ತತ್ತರಿಸಿತು. 2010ರಲ್ಲಿ ಸಾಲ ಕೊಟ್ಟ ಬ್ಯಾಂಕು ಅದನ್ನು ವಶಕ್ಕೆ ತೆಗೆದುಕೊಂಡಿತು. ಕಂಪನಿ ಮುಚ್ಚಿತು, ನೌಕರರು ಕೆಲಸ ಕಳೆದುಕೊಂಡರು. ನ್ಯೂಜರ್ಸಿಯಲ್ಲಿ ಅದಕ್ಕೆ ಸೇರಿದ್ದ ಪ್ರಯೋಗಶಾಲೆಯೊಂದರಲ್ಲಿ ನೂರಕ್ಕೂ ಹೆಚ್ಚು ನಾಯಿಗಳೂ ಕೋತಿಗಳೂ ಬೀಗ ಹಾಕಿದ ಕಟ್ಟಡದೊಳಗೆ ಉಳಿದವು. ಪ್ರಾಣಿದಯಾ ಸಂಘದವರು ಅವನ್ನು ಬಿಡಿಸಿಕೊಂಡು ಹೋದರು. ಆ ಹೊತ್ತಿಗೆ ಎಲ್ಲವೂ ಬ್ಯಾಂಕಿನ ಕೈಗೆ ಹೋಗಿತ್ತು, ತಮ್ಮ ಅಧಿಕಾರದಲ್ಲಿ ಏನೂ ಇರಲಿಲ್ಲ ಎಂಬುದು ಥಾನೇದಾರ್ ಅವರ ಉತ್ತರ. ಮುಂದೆ ಅವರು ಚುನಾವಣೆಗೆ ನಿಂತಾಗಲೆಲ್ಲ ಈ ಪ್ರಶ್ನೆ ಎದುರಾಯಿತು.

ಅದೇ 2010ರಲ್ಲಿ ಮಿಶಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ಅವೊಮೀನ್ ಎಂಬ ಇನ್ನೊಂದು ಪ್ರಯೋಗಶಾಲೆಯನ್ನು ಬರಿಗೈಯಿಂದ ಆರಂಭಿಸಿದರು. 2016ರಲ್ಲಿ ಅದರ ಹೆಚ್ಚಿನ ಪಾಲನ್ನು ಮಾರಿ, ಬಂದ ಹಣದಲ್ಲಿ ಒಂದು ಭಾಗವನ್ನು ನೌಕರರಿಗೆ ಹಂಚಿದರು. ಉಳಿದ ಹಣದಲ್ಲಿ ಅವರು ರಾಜಕೀಯಕ್ಕೆ ಇಳಿದರು.

2018ರಲ್ಲಿ ಮಿಶಿಗನ್ ರಾಜ್ಯಪಾಲ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ಸ್ಪರ್ಧಿಸಿ, ಸ್ವಂತದ ಒಂದು ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿದರು. ಮೂರನೆಯವರಾಗಿ ಸೋತರು. 2020ರಲ್ಲಿ ಡೆಟ್ರಾಯಿಟ್ ನಗರದಿಂದ ರಾಜ್ಯ ವಿಧಾನಸಭೆಗೆ ಗೆದ್ದರು. 2022ರ ಆಗಸ್ಟ್‌ನಲ್ಲಿ ಸಂಸತ್ತಿನ ಕೆಳಮನೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ ನಡೆದಾಗ ಒಂಬತ್ತು ಜನ ಕಣದಲ್ಲಿದ್ದರು. ಥಾನೇದಾರ್ ಸುಮಾರು ನೂರಕ್ಕೆ 28 ಮತ ಪಡೆದು ಮುಂದೆ ಬಂದರು. ನವೆಂಬರ್‌ನಲ್ಲಿ ಗೆದ್ದು 2023ರ ಜನವರಿಯಲ್ಲಿ ಮಿಶಿಗನ್‌ನ 13ನೇ ಕ್ಷೇತ್ರದ ಸದಸ್ಯರಾಗಿ ಪ್ರಮಾಣವಚನ ಸ್ವೀಕರಿಸಿದರು. 2024ರಲ್ಲಿ ಮತ್ತೆ ಗೆದ್ದರು.

ಊರಿನವರ ನೋವು

ಈಗ ನಾವು ಚಿಕ್ಕೋಡಿಯ ಕಡೆಯಿಂದ ನೋಡುವುದನ್ನು ಬಿಟ್ಟು, ಡೆಟ್ರಾಯಿಟ್‌ನ ಕಡೆಯಿಂದ ನೋಡೋಣ.

ಅದು ಮೋಟಾರು ಕಾರುಗಳ ಊರು. 1950ರಲ್ಲಿ ಅಲ್ಲಿ 18 ಲಕ್ಷಕ್ಕೂ ಹೆಚ್ಚು ಜನರಿದ್ದರು. 2020ರ ಜನಗಣತಿಯ ವೇಳೆಗೆ ಉಳಿದವರು 6 ಲಕ್ಷ 39 ಸಾವಿರ. ಕಾರ್ಖಾನೆಗಳು ಮುಚ್ಚಿದವು, ಉಳ್ಳವರು ಊರು ಬಿಟ್ಟು ಹೊರವಲಯಗಳಿಗೆ ಹೋದರು, ಬೀದಿಬೀದಿಯಲ್ಲಿ ಮನೆಗಳು ಪಾಳುಬಿದ್ದವು. 2013ರಲ್ಲಿ ನಗರಸಭೆಯೇ ದಿವಾಳಿಯಾಗಿ ನ್ಯಾಯಾಲಯದ ಮುಂದೆ ನಿಂತಿತು. ಆ ಕಷ್ಟದಲ್ಲೂ ಊರು ಬಿಡದೆ ನಿಂತವರಲ್ಲಿ ಹೆಚ್ಚಿನವರು ಕಪ್ಪುಜನರು. 1954ರಲ್ಲಿ ಚಾರ್ಲ್ಸ್ ಡಿಗ್ಸ್ ಎಂಬವರು ಗೆದ್ದಂದಿನಿಂದ ಆ ನಗರವನ್ನು ಪ್ರತಿನಿಧಿಸಲು ಅವರ ಜನಾಂಗದ ಒಬ್ಬರಾದರೂ ಅಮೆರಿಕದ ಸಂಸತ್ತಿನಲ್ಲಿ ಇರುತ್ತಿದ್ದರು. 2023ರ ಜನವರಿಯಲ್ಲಿ ಆ ಸಾಲು ಮುರಿಯಿತು. ಹಲವರು ಸ್ಪರ್ಧಿಸಿ ಮತ ಹಂಚಿಹೋಗಿದ್ದಾಗ, ಕೈತುಂಬ ಹಣವಿದ್ದವರು, ಅದೂ ಇತ್ತೀಚೆಗೆ ನಗರಕ್ಕೆ ಬಂದವರು ಗೆದ್ದರು ಎಂದು ಅಲ್ಲಿಯ ಅನೇಕರಿಗೆ ಅನಿಸಿತು.

ಓದುಗರೇ, ಇದನ್ನು ಬರೀ ಹೊಟ್ಟೆಕಿಚ್ಚು ಎಂದು ತಳ್ಳಿಹಾಕಬೇಡಿ. ನೂರು ವರ್ಷ ಕಷ್ಟಪಟ್ಟು ಪಡೆದ ಒಂದು ಕುರ್ಚಿ ಕೈತಪ್ಪಿದವರ ನೋವು ಅದು. ನಮ್ಮೂರಿನಲ್ಲಿ ಹಾಗಾಗಿದ್ದರೆ ನಾವೂ ಹಾಗೆಯೇ ಮಾತನಾಡುತ್ತಿದ್ದೆವು. ನಮ್ಮವರು ಅಲ್ಲಿ ಗೆದ್ದಾಗ ಸೋತವರ ಮುಖ ನಮಗೆ ಕಾಣುವುದಿಲ್ಲ. ಹಿಗ್ಗಿನ ದೋಷವೇ ಅದು.

ಆದರೆ ಇನ್ನೊಂದು ಮಾತೂ ಉಂಟು. ಡೆಟ್ರಾಯಿಟ್‌ನ ಆ ಕಪ್ಪುಜನರು ಕೂಡ ಅಲ್ಲಿಯೇ ಮೊಳೆತವರಲ್ಲ. ಇಪ್ಪತ್ತನೆಯ ಶತಮಾನದಲ್ಲಿ, ಹೆನ್ರಿ ಫೋರ್ಡ್ 1914ರಲ್ಲಿ ದಿನಕ್ಕೆ ಐದು ಡಾಲರ್ ಸಂಬಳ ಘೋಷಿಸಿದ ಮೇಲಿನ ವರ್ಷಗಳಲ್ಲಿ, ದಕ್ಷಿಣದ ಹತ್ತಿಯ ಹೊಲಗಳನ್ನೂ ಅಲ್ಲಿಯ ಅವಮಾನವನ್ನೂ ಬಿಟ್ಟು ರೈಲು ಹತ್ತಿ ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಅವರು. ಅಂದು ಅವರನ್ನೂ ‘ಹೊರಗಿನವರು’ ಎಂದೇ ಕರೆದರು. ಬಾಡಿಗೆ ಮನೆ ಕೊಡಲಿಲ್ಲ. 1943ರಲ್ಲಿ ಆ ನಗರದಲ್ಲಿ ನಡೆದ ಜನಾಂಗೀಯ ಗಲಭೆಯಲ್ಲಿ 34 ಜನ ಸತ್ತರು. ಹಾಗಾದರೆ ಡೆಟ್ರಾಯಿಟ್ ಯಾರದು? ಮೊದಲು ಬಂದವರದೇ? ಮೊದಲು ಎಂದರೆ ಎಷ್ಟು ಮೊದಲು? ಹೀಗೆ ಕೇಳುತ್ತ ಹೋದರೆ ಭೂಮಿಯ ಮೇಲೆ ಯಾವ ಊರೂ ಯಾರದೂ ಅಲ್ಲ.

ಮೂರು ಅಳತೆಗಳು

ಒಂದು ಊರಿನ ಪರವಾಗಿ ಮಾತನಾಡುವ ಹಕ್ಕು ಒಬ್ಬರಿಗೆ ಹೇಗೆ ಬರುತ್ತದೆ? ಮುಖ್ಯವಾಗಿ ಮೂರು ಉತ್ತರಗಳಿವೆ.

ಹುಟ್ಟಿನಿಂದ ಬರುತ್ತದೆ ಎಂಬುದು ಮೊದಲನೆಯದು. ಇದು ನಮ್ಮ ಮನಸ್ಸಿಗೆ ಬಹಳ ಹತ್ತಿರ. ಆದರೆ ಹುಟ್ಟಿದ ಊರನ್ನು ನಾವ್ಯಾರೂ ಆರಿಸಿಕೊಳ್ಳಲಿಲ್ಲ. ಆರಿಸಿಕೊಳ್ಳದೆ ಸಿಕ್ಕಿದ್ದಕ್ಕೆ ಕೃತಜ್ಞರಾಗಿರಬಹುದು, ಅದನ್ನೇ ಯೋಗ್ಯತೆ ಎನ್ನಲಾಗದು. ಊರಿನಲ್ಲೇ ಹುಟ್ಟಿ, ಊರಿನ ಕೆರೆಯನ್ನೇ ಒತ್ತುವರಿ ಮಾಡಿದವರನ್ನು ನಾವು ನೋಡಿಲ್ಲವೇ?

ಹಣದಿಂದ ಬರುತ್ತದೆ ಎಂಬುದು ಎರಡನೆಯದು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಬಹಳ ಜನ ನಂಬಿ ನಡೆಯುತ್ತಾರೆ. ಅಷ್ಟು ಸಂಪಾದಿಸಿದವನಿಗೆ ಊರು ನಡೆಸುವುದು ಬಾರದೇ ಎನ್ನುತ್ತೇವೆ. ಇಲ್ಲಿ ಎಚ್ಚರ ಬೇಕು. ಕಂಪನಿ ನಡೆಸುವುದು ಬೇರೆ, ಊರಿನ ಪರ ನಿಲ್ಲುವುದು ಬೇರೆ. ಕಂಪನಿಯಲ್ಲಿ ನಷ್ಟದ ವಿಭಾಗವನ್ನು ಮುಚ್ಚಬಹುದು. ಊರಿನಲ್ಲಿ ನಷ್ಟದ ಕೇರಿಯನ್ನು ಮುಚ್ಚಲಾದೀತೇ? ತನ್ನದೇ ಹಣ ಹಾಕಿ ಗೆದ್ದವನು ಬೇರೆ ಧನಿಕರ ಹಂಗಿಗೆ ಬೀಳುವುದಿಲ್ಲ ಎಂಬ ವಾದವೂ ಇದೆ, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಹಣವಿಲ್ಲದ ಯೋಗ್ಯರು ಕಣಕ್ಕೇ ಇಳಿಯಲಾರದ ಹಾಗೆ ಆದರೆ, ಆ ಹಂಗಿಲ್ಲದ ಸ್ವಾತಂತ್ರ್ಯಕ್ಕೆ ಬೆಲೆ ತೆತ್ತವರು ಬಡವರೇ ಆಗುತ್ತಾರೆ.

ಮೂರನೆಯ ಅಳತೆಯೇ ನಿಜವಾದದ್ದೆಂದು ನನಗೆ ತೋರುತ್ತದೆ. ಅದು ಉತ್ತರ ಕೊಡುವ ಬಾಧ್ಯತೆ. ಊರು ಕರೆದಾಗ ಸಿಗುವವನು, ಕೇಳಿದಾಗ ಲೆಕ್ಕ ಕೊಡುವವನು, ಊರಿಗೆ ಕಷ್ಟ ಬಂದಾಗ ಗಂಟುಮೂಟೆ ಕಟ್ಟಿ ಹೊರಡದವನು ಆ ಊರಿನವನು. ಅಮೆರಿಕದ ಕೆಳಮನೆಯ ಸದಸ್ಯರ ಅವಧಿ ಎರಡೇ ವರ್ಷ. ಎರಡು ವರ್ಷಕ್ಕೊಮ್ಮೆ ಜನರ ಮುಂದೆ ನಿಂತು, “ನೀನು ನಮಗೇನು ಮಾಡಿದೆ?” ಎಂಬ ಪ್ರಶ್ನೆಗೆ ಉತ್ತರ ಹೇಳಲೇಬೇಕು. ಥಾನೇದಾರ್ ಅವರ ಕಂಪನಿ ಮುಚ್ಚಿದ್ದು, ಆ ನಾಯಿಗಳ ಕಥೆ, ಖರ್ಚು ಮಾಡಿದ ಹಣ, ಹೊಸದಾಗಿ ಬಂದದ್ದು, ಎಲ್ಲವನ್ನೂ ಅಲ್ಲಿಯ ಜನ ಕೇಳಿದರು. ಕೇಳುವ ಹಕ್ಕು ಅವರದು. ನಮ್ಮವರನ್ನು ಹಾಗೆಲ್ಲ ಕೇಳಬಹುದೇ ಎಂದು ನಾವು ಇಲ್ಲಿ ಕುಳಿತು ಸಿಟ್ಟಾಗಬೇಕಿಲ್ಲ. ಅವರ ಹೆಸರು ಮತಪತ್ರದಲ್ಲಿ ಬರುವುದು ಆ ಊರಿನಲ್ಲಿ, ನಮ್ಮೂರಿನಲ್ಲಲ್ಲ.

ಬಾಗಿಲು ತೆರೆದವರು

ಪರನಾಡಿಗೆ ಹೋಗಿ ವ್ಯಾಪಾರ ಮಾಡಿ ಅಲ್ಲಿಯ ಸಂಸತ್ತಿನಲ್ಲಿ ಕುಳಿತವರಲ್ಲಿ ಥಾನೇದಾರ್ ಮೊದಲಿಗರಲ್ಲ. ದಾದಾಭಾಯಿ ನವರೋಜಿಯವರು 1855ರಲ್ಲಿ ಪಾರ್ಸಿ ವ್ಯಾಪಾರ ಸಂಸ್ಥೆಯೊಂದರ ಪಾಲುದಾರರಾಗಿ ಇಂಗ್ಲೆಂಡಿಗೆ ಹೋದರು, ಮುಂದೆ ಸ್ವಂತ ಹತ್ತಿ ವ್ಯಾಪಾರ ನಡೆಸಿದರು. 1886ರಲ್ಲಿ ಚುನಾವಣೆಗೆ ನಿಂತು ಸೋತರು. ಎರಡು ವರ್ಷದ ಬಳಿಕ ಇಂಗ್ಲೆಂಡಿನ ಪ್ರಧಾನಿಯೇ ಸಭೆಯೊಂದರಲ್ಲಿ, ಇಂಗ್ಲಿಷ್ ಕ್ಷೇತ್ರವೊಂದು ಕರಿಯ ಮನುಷ್ಯನನ್ನು ಆರಿಸುವ ಕಾಲ ಇನ್ನೂ ಬಂದಿಲ್ಲ ಎಂಬರ್ಥದಲ್ಲಿ ಹಗುರವಾಗಿ ಮಾತನಾಡಿದರು. 1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಿಂದ ನವರೋಜಿ ಗೆದ್ದರು. ಅಂತರ ಬರೀ ಐದು ಮತ!

ಆ ಐದು ಮತಗಳ ಬಗ್ಗೆ ಸ್ವಲ್ಪ ಯೋಚಿಸಿ. ನವರೋಜಿಯವರ ಹೆಸರು ಚರಿತ್ರೆಯ ಪುಸ್ತಕದಲ್ಲಿದೆ. ಪ್ರಧಾನಿಯ ಮಾತು ಕಿವಿಗೆ ಬಿದ್ದ ಮೇಲೂ, ನೆರೆಹೊರೆಯವರು ನಕ್ಕರೂ ಇರಲಿ ಎಂದು ಪರದೇಶದವನೊಬ್ಬನಿಗೆ ಮತ ಹಾಕಿ ಮನೆಗೆ ಹೋದ ಲಂಡನ್ನಿನ ಆ ಸಾಮಾನ್ಯರ ಹೆಸರು ಎಲ್ಲಿಯೂ ಇಲ್ಲ. ಬಾಗಿಲು ದಾಟಿದವರನ್ನು ನಾವು ಹೊಗಳುತ್ತೇವೆ, ಬಾಗಿಲು ತೆರೆದವರನ್ನು ಮರೆಯುತ್ತೇವೆ.

ಅಮೆರಿಕದಲ್ಲೂ ಹಾಗೆಯೇ ಆಯಿತು. ಪಂಜಾಬಿನ ದಲೀಪ್ ಸಿಂಗ್ ಸೌಂದ್ 1920ರಲ್ಲಿ ಅಲ್ಲಿಗೆ ಹೋಗಿ ಗಣಿತದಲ್ಲಿ ಪಿಎಚ್‌.ಡಿ. ಪಡೆದರು. ಆದರೆ 1923ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಭಾರತೀಯರು ಅಲ್ಲಿಯ ಪ್ರಜೆಗಳಾಗುವಂತಿರಲಿಲ್ಲ. ಅಷ್ಟು ಓದಿದವರು ಕ್ಯಾಲಿಫೋರ್ನಿಯಾದಲ್ಲಿ ಬೇಸಾಯ ಮಾಡಿದರು, ಮುಂದೆ ಗೊಬ್ಬರದ ವ್ಯಾಪಾರ ಮಾಡಿದರು. 1946ರಲ್ಲಿ ಕಾನೂನು ಬದಲಾಯಿತು, 1949ರಲ್ಲಿ ಅವರು ಪ್ರಜೆಯಾದರು. 1956ರಲ್ಲಿ ಗೆದ್ದು, ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಏಷ್ಯಾ ಮೂಲದವರಾದರು. ಈ ಕಾನೂನು ಬದಲಾಗಲು ಭಾರತೀಯರು ಹೋರಾಡಿದರು, ನಿಜ. ಆದರೆ ಅಲ್ಲಿಯ ಸಂಸತ್ತಿನಲ್ಲಿ ಕೈ ಎತ್ತಿದವರು ಅಮೆರಿಕನ್ನರು.

ನಮ್ಮ ಕಾಲಕ್ಕೆ ಬಂದರೆ, ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿ ಹುಟ್ಟಿದ ಚಂದ್ರ ಆರ್ಯ ಅವರಿದ್ದಾರೆ. ಧಾರವಾಡದಲ್ಲಿ ಓದಿದ ಅವರು 2006ರಲ್ಲಿ ಕೆನಡಾಕ್ಕೆ ಹೋದರು. ಒಟ್ಟಾವಾದಲ್ಲಿ ಭಾರತ-ಕೆನಡಾ ವ್ಯಾಪಾರಿಗಳ ಸಂಘದ ಅಧ್ಯಕ್ಷರಾದರು. 2015ರಲ್ಲಿ ನೇಪಿಯನ್ ಕ್ಷೇತ್ರದಿಂದ ಸಂಸತ್ ಸದಸ್ಯರಾದರು, ಹೋದ ಒಂಬತ್ತೇ ವರ್ಷಕ್ಕೆ! 2022ರ ಮೇ ತಿಂಗಳಿನಲ್ಲಿ ಅವರು ಅಲ್ಲಿಯ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದಾಗ ನಾವೆಲ್ಲ ಎಷ್ಟು ಸಂಭ್ರಮಿಸಿದೆವು! 2025ರಲ್ಲಿ ಅವರ ಪಕ್ಷ ಟಿಕೆಟನ್ನು ಹಿಂತೆಗೆದುಕೊಂಡಿತು, ಅವರ ಸದಸ್ಯತ್ವ ಅಲ್ಲಿಗೆ ಮುಗಿಯಿತು. ತೆರೆದ ಬಾಗಿಲು ಮುಚ್ಚುವುದೂ ಉಂಟು. ಆದರೆ ಆ ಕನ್ನಡದ ಮಾತನ್ನು ಒಂದಕ್ಷರ ಅರ್ಥವಾಗದೆಯೂ ಕುಳಿತು ಕೇಳಿದ ಸಭೆಯನ್ನು ನಾವು ನೆನೆಯಬೇಕು. ನಮ್ಮ ಪಂಚಾಯಿತಿ ಸಭೆಯಲ್ಲಿ ಒಬ್ಬ ಸದಸ್ಯ ತನ್ನ ತಾಯ್ನುಡಿಯಾದ ಬೇರೆ ಭಾಷೆಯಲ್ಲಿ ಎರಡು ನಿಮಿಷ ಮಾತನಾಡಿದರೆ ನಾವು ಹಾಗೆ ಕುಳಿತಿರುತ್ತೇವೆಯೇ?

ನಮ್ಮ ಬಾಗಿಲು

ಕಾನೂನಿನ ಮಟ್ಟಿಗೆ ಹೇಳುವುದಾದರೆ ನಮ್ಮ ದೇಶದ ಬಾಗಿಲು ಅಮೆರಿಕದ್ದಕ್ಕಿಂತ ದೊಡ್ಡದು. ಅಲ್ಲಿ ಕೆಳಮನೆಯ ಸದಸ್ಯನಾಗಲು ಏಳು ವರ್ಷ ಪ್ರಜೆಯಾಗಿರಬೇಕು. ಹುಟ್ಟಿನಿಂದಲೇ ಪ್ರಜೆಯಲ್ಲದವನು ಅಧ್ಯಕ್ಷನಾಗಲಾರ, ಥಾನೇದಾರ್ ಅವರಿಗೆ ಆ ಕುರ್ಚಿ ಎಂದೂ ಸಿಗುವಂತಿಲ್ಲ. ನಮ್ಮ ಸಂವಿಧಾನವಾದರೋ ಹುಟ್ಟಿದ ಪ್ರಜೆ, ಬಂದು ಸೇರಿದ ಪ್ರಜೆ ಎಂದು ಭೇದ ಮಾಡದೆ ಲೋಕಸಭೆಯಿಂದ ರಾಷ್ಟ್ರಪತಿ ಭವನದವರೆಗೆ ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟಿದೆ.

ಆದರೆ ಮನಸ್ಸಿನ ಬಾಗಿಲು? 1999ರಲ್ಲಿ ಇಟಲಿಯಲ್ಲಿ ಹುಟ್ಟಿ 1983ರಲ್ಲಿ ಭಾರತದ ಪ್ರಜೆಯಾದ ಸೋನಿಯಾ ಗಾಂಧಿಯವರು ನಮ್ಮ ಬಳ್ಳಾರಿಯಿಂದ ಸ್ಪರ್ಧಿಸಿದರು. ಹರಿಯಾಣದಲ್ಲಿ ಹುಟ್ಟಿದ ಸುಷ್ಮಾ ಸ್ವರಾಜ್ ಅವರು ಎದುರಾಳಿ. ಅಂದು ಊರೂರಿನಲ್ಲಿ ನಡೆದ ಚರ್ಚೆ ಹುಟ್ಟಿದ ದೇಶದ್ದು. ಇಬ್ಬರೂ ಬಳ್ಳಾರಿಗೆ ಹೊಸಬರು ಎಂಬ ಮಾತು ಅದರಲ್ಲಿ ಹಿಂದೆ ಬಿತ್ತು. ಗೆದ್ದವರು ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. ಸೋತವರು ಎಷ್ಟೋ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬಂದು ಹೋದರು. ಇಲ್ಲಿ ನಾನು ಯಾವ ಪಕ್ಷದ ಪರವೂ ಮಾತನಾಡುತ್ತಿಲ್ಲ. ಎಲ್ಲಿ ಹುಟ್ಟಿದಿರಿ ಎಂದು ಗಂಟಲು ಹರಿಯುವಂತೆ ಕೇಳಿದ ನಾವು, ನಾಳೆ ಇಲ್ಲಿ ಸಿಗುತ್ತೀರಾ ಎಂದು ಕೇಳಲು ಮರೆತೆವು ಎನ್ನುತ್ತಿದ್ದೇನೆ. ಕೇಳಬೇಕಾಗಿದ್ದ ಪ್ರಶ್ನೆ ಅದೇ.

ಇನ್ನು ಮಲೆನಾಡಿನ ಮಾತು. ನಮ್ಮ ಜಿಲ್ಲೆಯಲ್ಲಿ ‘ಬಂದವರು’ ಯಾರು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಊರುಗಳು ಮುಳುಗಿದವು. ಗದ್ದೆ, ತೋಟ, ಹಿರಿಯರ ಸಮಾಧಿಗಳನ್ನು ನೀರಿಗೆ ಬಿಟ್ಟು ಬಂದವರು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆಗಳಲ್ಲಿ ನೆಲೆಸಿದರು. ನಾಡಿಗೆ ಬೆಳಕು ಕೊಡಲು ಮನೆ ಕಳೆದುಕೊಂಡವರು ತಮ್ಮ ಹೊಸ ನೆಲದ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಕಚೇರಿಯಿಂದ ಕಚೇರಿಗೆ ಅಲೆದರು. ಕೆಲವೂರುಗಳಲ್ಲಿ ‘ಮುಳುಗಡೆಯವರು’ ಎಂಬುದೇ ಅವರ ಹೆಸರಾಯಿತು. ಘಟ್ಟದ ಕೆಳಗಿನಿಂದ ಅಂಗಡಿ, ಹೋಟೆಲು ಇಡಲು ಬಂದವರು, ಕೇರಳದಿಂದ ಬಂದು ಕೃಷಿ ಮಾಡಿದವರು, ಬಯಲುಸೀಮೆಯಿಂದ ತೋಟದ ಕೆಲಸಕ್ಕೆ ಬಂದವರು, ಹೀಗೆ ಎಷ್ಟೋ ಕುಟುಂಬಗಳು ನಮ್ಮ ನಡುವೆ ಇವೆ. ಅವರ ಮಕ್ಕಳು ನಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲಿ ಓದಿದ್ದಾರೆ. ಆದರೂ ಜಗಳವಾದ ದಿನ ನಮ್ಮ ಬಾಯಿಗೆ ಮೊದಲು ಬರುವ ಮಾತು ಯಾವುದು? “ನೀನು ಎಲ್ಲಿಯವನು?”

ಒಂದು ಆಕ್ಷೇಪ

ಇದೆಲ್ಲ ಬರೆಯಲು ಚೆಂದ, ಆದರೆ ಹಣವಿರುವ ಹೊರಗಿನವರು ಬಂದು ನಮ್ಮ ಜಮೀನು ಕೊಂಡುಕೊಳ್ಳುತ್ತಾರೆ, ಚುನಾವಣೆಯನ್ನೂ ಕೊಂಡುಕೊಳ್ಳುತ್ತಾರೆ, ನಮ್ಮ ಬಡವರು ಮೂಲೆಗೆ ಬೀಳುತ್ತಾರೆ ಎಂದು ನೀವು ಹೇಳಬಹುದು. ಈ ಭಯ ಸುಳ್ಳಲ್ಲ. ಡೆಟ್ರಾಯಿಟ್‌ನವರ ಭಯವೂ ಇದೇ ಆಗಿತ್ತು. ಅತಿಥಿಸತ್ಕಾರ ಎಂದರೆ ಕಣ್ಣುಮುಚ್ಚಿ ಮನೆಯ ಬೀಗದ ಕೈ ಕೊಡುವುದಲ್ಲ.

ಒಂದೇ ಕೊಳಗ ಎಂದರೆ ಸಡಿಲ ಕೊಳಗ ಎಂದರ್ಥವಲ್ಲ. ಬಂದವನನ್ನು ಗಟ್ಟಿಯಾಗಿ ಪ್ರಶ್ನಿಸೋಣ. ನಮ್ಮ ಭಾಷೆ ಕಲಿತೆಯಾ? ನಿನ್ನಲ್ಲಿ ದುಡಿಯುವವರಿಗೆ ಸರಿಯಾದ ಕೂಲಿ ಕೊಡುತ್ತೀಯಾ? ನಿನ್ನ ಹಣ ಎಲ್ಲಿಂದ ಬಂತು? ಸೋತರೂ ಇಲ್ಲಿ ಇರುತ್ತೀಯಾ? ಬಡವನು ರಾತ್ರಿ ಬಂದು ಬಾಗಿಲು ತಟ್ಟಿದರೆ ಏಳುತ್ತೀಯಾ? ಆದರೆ ಇವೇ ಪ್ರಶ್ನೆಗಳನ್ನು ಏಳು ತಲೆಮಾರಿನಿಂದ ಇದ್ದ ಮನೆತನದವನಿಗೂ ಕೇಳೋಣ. ಅವನು ನಮ್ಮವನು ಎಂದು ಕೂಲಿಯ ಲೆಕ್ಕ ಬಿಟ್ಟರೆ, ಇವನು ಹೊರಗಿನವನು ಎಂದು ಒಳ್ಳೆಯತನದ ಲೆಕ್ಕ ಬಿಟ್ಟರೆ, ಎರಡೂ ಕಡೆ ಅಳತೆಯಲ್ಲಿ ಮೋಸವಾಯಿತು. ಮೋಸ ಹೋದವರು ಊರಿನ ಬಡವರೇ. ಏಕೆಂದರೆ ‘ನಮ್ಮವನು’ ಎಂಬ ಒಂದೇ ಮಾತಿನ ಮರೆಯಲ್ಲಿ ಅವರನ್ನು ಎಷ್ಟು ಬೇಕಾದರೂ ಸುಲಿಯಬಹುದು.

ಹೊರದೇಶದಲ್ಲಿ ಮಕ್ಕಳಿರುವ ತಂದೆತಾಯಿಗಳಿಗೂ ಒಂದು ಮಾತು. ಫೋನಿನಲ್ಲಿ ನಾವು ಕೇಳುವುದು ಊಟ ಆಯಿತೇ, ಚಳಿ ಹೇಗಿದೆ, ಮನೆ ಕೊಂಡೆಯಾ ಎಂದು. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ. “ಆ ಊರಿನ ಬಡವರ ಪರಿಚಯ ನಿನಗಿದೆಯೇ ಮಗನೇ? ಪಕ್ಕದ ಮನೆಯವರು ಆಸ್ಪತ್ರೆಗೆ ಹೋದಾಗ ನೀನು ಹೋಗಿ ನೋಡಿದೆಯಾ?” ಅನ್ನ ಕೊಟ್ಟ ಊರಿಗೆ ತೆರಿಗೆ ಕಟ್ಟಿದರೆ ಸಾಲ ತೀರಿತು ಎಂದು ಮಕ್ಕಳು ತಿಳಿಯದಿರಲಿ. ಹುಟ್ಟಿದ ಊರನ್ನು ಮರೆಯಬೇಡ ಎಂದು ನಾವು ಹೇಳುತ್ತಲೇ ಇರುತ್ತೇವೆ. ಇರುವ ಊರನ್ನು ಪ್ರೀತಿಸು ಎಂದು ಹೇಳುವವರು ಕಡಿಮೆ. ಥಾನೇದಾರ್ ಅವರಂತೆ ಸಂಸತ್ತಿಗೆ ಹೋಗುವುದು ಸಾವಿರಕ್ಕೊಬ್ಬರಿಗೂ ಆಗದ ಮಾತು. ಆದರೆ ಇರುವ ಊರಿಗೆ ಉತ್ತರ ಕೊಡುವವರಾಗಿ ಬದುಕುವುದು ಎಲ್ಲರಿಂದಲೂ ಆದೀತು.

ಮಕ್ಕಳು ನಮ್ಮ ಉಪದೇಶವನ್ನು ಕೇಳುವುದಕ್ಕಿಂತ ಊಟಕ್ಕೆ ಕುಳಿತಾಗ ನಾವು ಆಡುವ ಮಾತನ್ನು ಹೆಚ್ಚು ಕೇಳಿಸಿಕೊಳ್ಳುತ್ತಾರೆ. ಅಂಗಡಿಯವನನ್ನು, ತೋಟಕ್ಕೆ ಬರುವ ಕೂಲಿಯವರನ್ನು, ಶಾಲೆಗೆ ಹೊಸದಾಗಿ ಸೇರಿದ ಪರಭಾಷೆಯ ಹುಡುಗಿಯನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆ? ಅವರ ನಿಜವಾದ ಹೆಸರು ನಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ನಾಳೆಯೇ ಕೇಳಿ ತಿಳಿದುಕೊಳ್ಳೋಣ. ಮುಂದಿನ ಸಲ ಪಂಚಾಯಿತಿಗೆ ಮತ ಹಾಕಲು ಹೋದಾಗ ಅಭ್ಯರ್ಥಿಯ ಅಜ್ಜ ಎಲ್ಲಿಯವನು ಎಂದು ವಿಚಾರಿಸುವ ಬದಲು, ಕಳೆದ ಮಳೆಗಾಲದಲ್ಲಿ ಕೇರಿಗೆ ನೀರು ನುಗ್ಗಿದಾಗ ಈತ ಎಲ್ಲಿದ್ದ ಎಂದು ವಿಚಾರಿಸೋಣ.